ರೀಲು ಆಮೇಲೆ, ಮೊದಲು ತೂಕ ಹೇಳಿ

ಎಲ್ಲರಿಗೂ ನಮಸ್ಕಾರ. ಡಾಲಸ್ ಸುತ್ತಮುತ್ತ ಕಾಫಿ ಲೋಟ ಹಿಡಿದು ರೇಡಿಯೋ ಹಚ್ಚಿ ಕೂತಿರುವ ಕನ್ನಡದ ಬಂಧುಗಳಿಗೆಲ್ಲ ಶುಭೋದಯ. ಬಾಸ್ ಮೀನು ಹಿಡಿಯಲು ಬೇಟ್‌ಕಾಸ್ಟಿಂಗ್ ರೀಲ್ ಆರಿಸುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ಕರೆದಿದ್ದಾರೆ. ರೀಲ್ ಅಂದರೆ ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ಸಾಧನ. ಈ ವಿಷಯಕ್ಕೆ ಹತ್ತು ನಿಮಿಷ ಏನೇನೂ ಸಾಲದು. ಇರಲಿ.

ನಾನು ಮನೆಯ ಗ್ಯಾರೇಜಿನಲ್ಲಿ ರೀಲ್ ರಿಪೇರಿ ಮಾಡುವವನು. ಬಿಚ್ಚುತ್ತೇನೆ, ತೊಳೆಯುತ್ತೇನೆ, ಗ್ರೀಸ್ ಹಾಕಿ ಕೂಡಿಸುತ್ತೇನೆ. ವಾರಾಂತ್ಯ ಬಂದರೆ ಯಾರಾದರೊಬ್ಬರು ಬಂದು ಕೇಳುತ್ತಾರೆ, "ಸಾರ್, ಯಾವ ರೀಲ್ ತಗೊಳ್ಳಲಿ?" ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ. "ನೀವು ಎಸೆಯುವ ಲೂರ್ ಎಷ್ಟು ತೂಕ?" ಲೂರ್ ಅಂದರೆ ದಾರದ ತುದಿಗೆ ಕಟ್ಟಿ ಎಸೆಯುವ ನಕಲಿ ಹುಳ, ನಕಲಿ ಮೀನು. ಅವರು ಸುಮ್ಮನೆ ನನ್ನ ಮುಖ ನೋಡುತ್ತಾರೆ. ರೀಲಿನ ಬಣ್ಣ ಗೊತ್ತು, ಬೆಲೆ ಗೊತ್ತು, ಅದರಲ್ಲಿ ಎಷ್ಟು ಬೇರಿಂಗ್ ಇದೆ ಅಂತ ಗೊತ್ತು. ಲೂರಿನ ತೂಕ ಮಾತ್ರ ಗೊತ್ತಿಲ್ಲ.

ಇವತ್ತು ನಾನು ಹೇಳುವುದು ಇಷ್ಟೇ. ಮೊದಲು ತೂಕ, ಆಮೇಲೆ ರೀಲ್.

ಯಾಕೆ ಅಂತ ಹೇಳುತ್ತೇನೆ. ಮಕ್ಕಳಿಗೆ ಕೊಡಿಸುವ ಸ್ಪಿನ್ನಿಂಗ್ ರೀಲ್ ಇದೆಯಲ್ಲ, ಅದರಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ. ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ, ಅಷ್ಟೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹಾಗಲ್ಲ. ಲೂರ್ ದಾರವನ್ನು ಎಳೆಯಬೇಕು, ದಾರ ಸ್ಪೂಲನ್ನು ತಿರುಗಿಸಬೇಕು. ಹೊಲಿಗೆ ದಾರದ ಉಂಡೆಯನ್ನು ಕಡ್ಡಿಗೆ ಸಿಕ್ಕಿಸಿ ದಾರವನ್ನು ಜೋರಾಗಿ ಎಳೆದು ಥಟ್ಟನೆ ನಿಲ್ಲಿಸಿ ನೋಡಿ. ಕೈ ನಿಂತರೂ ಉಂಡೆ ತಿರುಗುತ್ತಲೇ ಇರುತ್ತದೆ. ದಾರ ಸಡಿಲವಾಗಿ ಗೋಜಲಾಗುತ್ತದೆ. ಇಲ್ಲೂ ಅದೇ. ಲೂರ್ ಗಾಳಿಯಲ್ಲಿ ನಿಧಾನವಾಗುತ್ತದೆ, ಸ್ಪೂಲ್ ಆಗುವುದಿಲ್ಲ. ಹೊರಬಂದ ದಾರಕ್ಕೆ ಹೋಗಲು ಜಾಗವಿಲ್ಲ. ಇದಕ್ಕೆ ಬ್ಯಾಕ್‌ಲ್ಯಾಶ್ ಅನ್ನುತ್ತಾರೆ.

ಲೂರ್ ಹಗುರವಾದಷ್ಟೂ ಇದು ಜಾಸ್ತಿ. ಹಗುರವಾದದ್ದಕ್ಕೆ ಸ್ಪೂಲ್ ತಿರುಗಿಸುವ ಶಕ್ತಿ ಇಲ್ಲ. ಅದಕ್ಕೆ ನೀವು ಇನ್ನೂ ಜೋರಾಗಿ ಬೀಸುತ್ತೀರಿ. ಸ್ಪೂಲ್ ಒಮ್ಮೆಲೇ ಓಡುತ್ತದೆ, ಲೂರ್ ಹಿಂದೆ ಬೀಳುತ್ತದೆ. ಕಥೆ ಮುಗಿಯಿತು.

ಇಷ್ಟು ತಲೆನೋವಿದ್ದರೆ ಬೇಟ್‌ಕಾಸ್ಟರ್ ಯಾಕೆ ಬೇಕು ಅಂತೀರಾ? ಬಾಸ್ ಇರುವ ಜಾಗ ನೋಡಿ. ಲೇಕ್ ಫೋರ್ಕ್ ಜಲಾಶಯಕ್ಕೆ ಹೋಗಿದ್ದರೆ ಗೊತ್ತಿರುತ್ತದೆ, ನೀರಲ್ಲಿ ಮುಳುಗಿದ ಒಣ ಮರಗಳು ನಿಂತ ಹಾಗೇ ನಿಂತಿವೆ. ಬಾಸ್ ಅವುಗಳ ಬುಡದಲ್ಲಿ, ಪಾಚಿ ಗಿಡಗಳ ನಡುವೆ ಅಡಗಿ ಕೂರುತ್ತದೆ. ದಪ್ಪ ದಾರ ಬೇಕು. ಕಚ್ಚಿದ ಕೂಡಲೇ ಎಳೆದು ಹೊರಗೆ ತರುವ ಬಲ ಬೇಕು. ಸ್ಪೂಲಿನ ಮೇಲೆ ಹೆಬ್ಬೆರಳು ಒತ್ತಿದರೆ ಲೂರ್ ಮರದ ಪಕ್ಕದಲ್ಲೇ, ಅಂದುಕೊಂಡ ಗೇಣು ಜಾಗದಲ್ಲೇ ಬೀಳಬೇಕು. ಈ ಕೆಲಸಕ್ಕೆ ಬೇಟ್‌ಕಾಸ್ಟರ್ ಬಿಟ್ಟರೆ ಇನ್ನೊಂದಿಲ್ಲ.

ಈಗ ಲೆಕ್ಕ. ಇಲ್ಲಿ ಲೂರಿನ ತೂಕವನ್ನು ಔನ್ಸಿನಲ್ಲಿ ಬರೆದಿರುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಕಾಲು ಔನ್ಸ್, ಅಂದರೆ 7 ಗ್ರಾಂಗಿಂತ ಹಗುರವಾದದ್ದನ್ನು ಎಸೆಯುವವರು ಸ್ಪಿನ್ನಿಂಗ್ ರೀಲ್ ತಗೊಳ್ಳಿ. ಮರ್ಯಾದೆ ಪ್ರಶ್ನೆ ಏನಿಲ್ಲ. ಹತ್ತರಿಂದ ಹದಿನಾಲ್ಕು ಗ್ರಾಂ, ಅಂದರೆ ಅರ್ಧ ಔನ್ಸಿನವರೆಗಿನ ಸ್ಪಿನ್ನರ್‌ಬೇಟ್, ಜಿಗ್, ಟೆಕ್ಸಾಸ್ ರಿಗ್ ಥರದ ಲೂರ್ ಎಸೆಯುವವರಿಗೆ ಸಾಧಾರಣ ಬೇಟ್‌ಕಾಸ್ಟರ್ ಸಾಕು. ನಿಮ್ಮ ರಾಡನ್ನೂ, ಅಂದರೆ ಗಾಳದ ಕೋಲನ್ನೂ, ನೋಡಿ. ಹಿಡಿಯ ಸ್ವಲ್ಪ ಮೇಲೆ ಎಷ್ಟು ಔನ್ಸಿನ ಲೂರಿಗೆ ಅದು ಸರಿ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ. ಯಾರೂ ಅದನ್ನು ಓದುವುದಿಲ್ಲ. ದಯವಿಟ್ಟು ಓದಿ.

ಒಂದು ಪ್ರಸಂಗ ಹೇಳಲೇಬೇಕು. ನಮ್ಮ ಗೆಳೆಯರೊಬ್ಬರು, ತುಮಕೂರು ಕಡೆಯವರು, ಕಂಪ್ಯೂಟರ್ ಕೆಲಸ. ರೀಲ್ ತಗೊಳ್ಳಬೇಕು ಅಂತ ಮನಸ್ಸಾದ ಮೇಲೆ ಒಂದು ಎಕ್ಸೆಲ್ ಶೀಟ್ ಮಾಡಿದರು. ತಮಾಷೆ ಅಲ್ಲ, ನನಗೆ ಮೇಲ್ ಮಾಡಿದ್ದಾರೆ. ಒಂದು ಸಾಲಿಗೆ ಒಂದು ರೀಲ್. ಬೆಲೆ, ಬೇರಿಂಗ್, ಗೇರ್, ರೀಲಿನ ತೂಕ, ಬಣ್ಣ, ಗ್ಯಾರಂಟಿ. ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸಿ, ಯಾವುದಕ್ಕೆ ಹೆಚ್ಚು ಅಂಕ ಬಂತೋ ಅದನ್ನು ತಂದರು. ನೋಡೋಕೆ ಚಿನ್ನದ ಒಡವೆ ಇದ್ದ ಹಾಗಿತ್ತು. ಎಸೆಯುವ ಲೂರಿನ ತೂಕಕ್ಕೆ ಆ ಶೀಟಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಭಾನುವಾರ ರೇ ರಾಬರ್ಟ್ಸ್ ಕೆರೆಗೆ ಹೋದೆವು. ಅಲ್ಲಿ ಸ್ಟೇಟ್ ಪಾರ್ಕ್ ಇದೆ. ಅವರ ಮನೆಯವರು, ಮಕ್ಕಳು, ಊರಿಂದ ಬಂದಿದ್ದ ಅತ್ತೆ, ಎಲ್ಲರೂ ಬಂದಿದ್ದರು. ಅತ್ತೆಯವರು ಮಡಚುವ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಕೂತರು. ಅಳಿಯ ಗತ್ತಿನಿಂದ ಡಬ್ಬ ತೆಗೆದು ಲೂರ್ ಕಟ್ಟಿದರು. ಏನು ಕಟ್ಟಿದರು ಅಂತೀರಿ? ಔನ್ಸಿನ ಎಂಟನೇ ಒಂದು ಭಾಗದ ಪುಟಾಣಿ ರಬ್ಬರ್ ಹುಳ. ಮೂರೂವರೆ ಗ್ರಾಂ! "ಇದು ಬೇಡ, ಸ್ವಲ್ಪ ಭಾರದ್ದು ಕಟ್ಟಿ" ಅಂದೆ. "ಇದರಲ್ಲಿ ಹತ್ತು ಬೇರಿಂಗ್ ಇದೆ ಸಾರ್, ಹೋಗುತ್ತೆ" ಅಂದರು.

ಬೀಸಿದರು. ಲೂರ್ ಅವರ ಬೂಟಿನ ಮುಂದೆ ಬಿತ್ತು. ರೀಲಿನಲ್ಲಿ ಒಂದು ಮುಷ್ಟಿ ಗೋಜಲು. "ಎದುರುಗಾಳಿ ಇದೆ ಸಾರ್" ಅಂದರು. ಕೆರೆಯ ಮೇಲೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಬಿಡಿಸಿ ಮತ್ತೆ ಬೀಸಿದರು. ಈ ಸಲ ಗೋಜಲು ಇನ್ನೂ ಒಳಗಿನ ಸುತ್ತಿಗೆ ಹೋಯಿತು. ಉಗುರಿಗೆ ಸಿಗಲ್ಲ. ಅತ್ತೆಯವರು ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು. ಇಬ್ಬರೂ ಕೂತು ಎಳೆ ಎಳೆಯಾಗಿ ಬಿಡಿಸಿದೆವು. ಚಕ್ಕುಲಿ ಅರ್ಧ ಖಾಲಿಯಾಯಿತು. ಅತ್ತೆ ಕೇಳಿದರು, "ಅಳಿಯಂದ್ರೇ, ನೀವು ಬಂದಿದ್ದು ಮೀನು ಹಿಡಿಯೋಕೋ, ದಾರ ಬಿಡಿಸೋಕೋ?" ಮಕ್ಕಳು ಬಿದ್ದು ಬಿದ್ದು ನಕ್ಕರು. ಅಳಿಯನ ಮುಖ ಕೆಂಪಾಯಿತು.

ಆಮೇಲೆ ನಾನು ಆ ಹುಳ ಬಿಚ್ಚಿ, ಅರ್ಧ ಔನ್ಸಿನ ಸ್ಪಿನ್ನರ್‌ಬೇಟ್ ಕಟ್ಟಿ, ಸ್ಪೂಲಿನ ವೇಗ ತಗ್ಗಿಸುವ ಬ್ರೇಕ್ ಜಾಸ್ತಿ ಮಾಡಿ ಕೊಟ್ಟೆ. "ಜೋರು ಬೇಡ, ನಿಧಾನವಾಗಿ ಬೀಸಿ" ಅಂದೆ. ಅದೇ ರೀಲ್, ಅದೇ ಕೈ. ಲೂರ್ ಸುಯ್ಯಂತ ಹೋಗಿ ದೂರದ ಕಲ್ಲುಗಳ ಹತ್ತಿರ ಬಿತ್ತು. ಮಧ್ಯಾಹ್ನದೊಳಗೆ ಎರಡು ಪೌಂಡಿನ ಬಾಸ್ ಒಂದು ಬಂತು. ನಾನೇನು ರೀಲ್ ಬಿಡುತ್ತಿಲ್ಲ, ಫೋಟೋ ಇದೆ. ಅತ್ತೆಯವರು ದೂರದಿಂದಲೇ ಅದಕ್ಕೆ ಕೈ ಮುಗಿದು ನೀರಿಗೆ ಬಿಡಿಸಿದರು.

ಅಯ್ಯೋ, ಆ ಕಡೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ರೀಲಿನಲ್ಲಿ ನೋಡಬೇಕಾದ್ದು ಬ್ರೇಕ್. ಹೊಸಬರಿಗೆ ಅಯಸ್ಕಾಂತದ ಬ್ರೇಕ್ ಇರುವುದು ಒಳ್ಳೆಯದು. ಹೊರಗೇ ಒಂದು ಡಯಲ್ ಇರುತ್ತದೆ, ತಿರುಗಿಸಿದರಾಯಿತು. ಅಯಸ್ಕಾಂತ ಸ್ಪೂಲನ್ನು ಮುಟ್ಟುವುದಿಲ್ಲ. ಅದರ ಹತ್ತಿರ ಅಲ್ಯೂಮಿನಿಯಂ ಸ್ಪೂಲ್ ತಿರುಗುವಾಗ ಲೋಹದಲ್ಲಿ ವಿದ್ಯುತ್ತು ಹುಟ್ಟಿ ವೇಗ ತಗ್ಗುತ್ತದೆ. ಇನ್ನೊಂದು ಬಗೆಯಲ್ಲಿ ಚಿಕ್ಕ ಚಿಕ್ಕ ತುಣುಕುಗಳು ಹೊರಕ್ಕೆ ಚಾಚಿ ಉಂಗುರಕ್ಕೆ ಉಜ್ಜುತ್ತವೆ. ಅದೂ ಚೆನ್ನಾಗಿದೆ, ಆದರೆ ಎಷ್ಟೋ ರೀಲುಗಳಲ್ಲಿ ಪಕ್ಕದ ಮುಚ್ಚಳ ತೆಗೆದು ಹೊಂದಿಸಬೇಕು. ಶಿಮಾನೋದವರ ಡಿಸಿ ರೀಲಿನಲ್ಲಿ ಒಂದು ಚಿಪ್ ಈ ಕೆಲಸ ಮಾಡುತ್ತದೆ, ಬ್ಯಾಟರಿ ಇಲ್ಲ, ಸ್ಪೂಲ್ ತಿರುಗುವುದರಿಂದಲೇ ಕರೆಂಟ್. ಬಿಚ್ಚಿ ನೋಡಿದರೆ ಖುಷಿಯಾಗುತ್ತದೆ! ಬೆಲೆ ಕೇಳಿದರೆ ಆಗುವುದಿಲ್ಲ.

ಹಿಡಿಕೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ತಿರುಪು ಇರುತ್ತದೆ. ಲೂರ್ ಕಟ್ಟಿ, ಸ್ಪೂಲ್ ಬಿಡಿಸುವ ಬಟನ್ ಒತ್ತಿ, ಲೂರ್ ನಿಧಾನವಾಗಿ ಕೆಳಗಿಳಿಯುವ ಹಾಗೆ ಆ ತಿರುಪನ್ನು ಹೊಂದಿಸಿ. ನೆಲ ಮುಟ್ಟಿದಾಗ ಸ್ಪೂಲ್ ನಿಲ್ಲಬೇಕು. ಲೂರ್ ಬದಲಾದಾಗಲೆಲ್ಲ ಮತ್ತೆ ಹೊಂದಿಸಬೇಕು. ಯಾಕೆ? ತೂಕ ಬದಲಾಯಿತಲ್ಲ!

ಬೇರಿಂಗ್ ಎಣಿಸಬೇಡಿ, ಕೈ ಮುಗಿದು ಕೇಳುತ್ತೇನೆ. ಎಸೆತಕ್ಕೆ ಬೇಕಾದದ್ದು ಸ್ಪೂಲಿನ ಎರಡು ಬದಿಯ ಬೇರಿಂಗ್. ಉಳಿದವು ಹಿಡಿಕೆಯ ಗುಬ್ಬಿಗಳಲ್ಲಿ, ಇನ್ನೆಲ್ಲೋ ಇರುತ್ತವೆ. ಹತ್ತು ಪ್ಲಸ್ ಒಂದು ಅಂತ ಬರೆದಿರುತ್ತಾರಲ್ಲ, ಆ ಒಂದು ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವುದು. ಅದಕ್ಕೂ ಎಸೆತಕ್ಕೂ ಸಂಬಂಧವೇ ಇಲ್ಲ.

ಗೇರ್. ಹಿಡಿಕೆ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಅನ್ನುವುದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಕೆಂಟಕಿಯ ಪ್ಯಾರಿಸ್ ಅನ್ನುವ ಊರಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸದವರು ಇಂಥ ಹಲ್ಲುಚಕ್ರದ ರೀಲ್ ಮಾಡಿದ್ದರು. ಅವರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು, ಬಿಡಿ. ಮೊದಲ ರೀಲಿಗೆ ಏಳಕ್ಕೆ ಒಂದು, ಅಥವಾ ಆರೂಕಾಲಕ್ಕೆ ಒಂದು, ಯಾವುದಾದರೂ ಸರಿ. ಹಿಡಿಕೆ ಎಡಕ್ಕಿರಲಿ, ಬಲಕ್ಕಿರಲಿ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತಿದರೆ ಕೈ ಬದಲಿಸುವ ಗೋಜಿಲ್ಲ. ದಾರ ಮೊದಲಿಗೆ ಮೋನೋ, ಅಂದರೆ ಒಂದೇ ಎಳೆಯ ನೈಲಾನ್ ದಾರ, ಹಾಕಿ, 12 ಅಥವಾ 14 ಪೌಂಡ್ ತಡೆಯುವಂಥದ್ದು. ಅಂಚಿನವರೆಗೆ ತುಂಬಬೇಡಿ, ಸುಮಾರು ಮೂರು ಮಿಲಿಮೀಟರ್ ಬಿಡಿ. ಬೆಲೆ? 100 ಡಾಲರ್ ಆಸುಪಾಸಿನದು ಧಾರಾಳವಾಯಿತು.

ಕೊನೆಯದಾಗಿ ಟೆಕ್ಸಾಸಿನಲ್ಲಿ ಮೀನು ಹಿಡಿಯುವ ಲೈಸೆನ್ಸ್. 17 ತುಂಬಿದವರಿಗೆ ಬೇಕು. ಸ್ಟೇಟ್ ಪಾರ್ಕಿನ ದಡದಿಂದ ಹಿಡಿಯುವುದಾದರೆ ಬೇಡ, ಹೊಸಬರು ಅಲ್ಲೇ ಶುರು ಮಾಡಿ. ವರ್ಷದ ಸಾಮಾನ್ಯ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಆಗಸ್ಟಿನಲ್ಲಿ ದುಡ್ಡು ಕೊಟ್ಟು ತಗೊಂಡು ಬಂದು ನನ್ನ ಹತ್ತಿರ ಗೋಳಾಡಬೇಡಿ. ಲೇಕ್ ಫೋರ್ಕಿನಲ್ಲಿ 16ರಿಂದ 24 ಇಂಚಿನ ಬಾಸ್ ಸಿಕ್ಕರೆ ಮನೆಗೆ ತರುವ ಹಾಗಿಲ್ಲ, ಅಲ್ಲೇ ಬಿಡಬೇಕು. ಅಳೆಯುವ ಪಟ್ಟಿ ಜೊತೆಗಿರಲಿ. ನಮಸ್ಕಾರ.