ಉಂಗುರ ಕೊಳ್ಳೋಕೆ ಹೊರಟಿದ್ದೀರಾ?

ನಮಸ್ಕಾರ ಕೇಳುಗರೇ. ಮನೆಯಲ್ಲಿ ನಿಶ್ಚಿತಾರ್ಥದ ದಿನ ಗೊತ್ತಾಗಿದೆ, ಛತ್ರ ಬುಕ್ ಆಗಿದೆ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಉಂಗುರ ಮಾತ್ರ ‘ಒಂದು ಭಾನುವಾರ ಹೋಗಿ ತಂದರಾಯ್ತು’ ಅಂತ ಕೊನೆಗೆ ಉಳಿದಿದೆ, ಅಲ್ವಾ? ಆ ಭಾನುವಾರ ಏಳೆಂಟು ಜನ ಅಂಗಡಿಗೆ ಹೋಗುತ್ತಾರೆ. ಚಿಕ್ಕಪ್ಪ ತೂಕ ಕೇಳುತ್ತಾರೆ, ಸೋದರತ್ತೆ ಡಿಸೈನ್ ಆರಿಸುತ್ತಾರೆ. ಅದನ್ನು ತೊಡಬೇಕಾದ ಹುಡುಗಿ ಮಾತ್ರ ಅಲ್ಲಿರುವುದಿಲ್ಲ. ಯಾಕೆಂದರೆ ಅವಳ ಉಂಗುರ ತರುವುದು ಗಂಡಿನ ಕಡೆಯವರು, ಹುಡುಗನದ್ದು ಹೆಣ್ಣಿನ ಕಡೆಯವರು.

ದಯವಿಟ್ಟು ಅವರಿಬ್ಬರನ್ನೂ ಕರೆದುಕೊಂಡು ಹೋಗಿ. ಶಾಸ್ತ್ರ ಏನೂ ಕೆಡುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ನಿಶ್ಚಿತಾರ್ಥ ಅಂದರೆ ತಾಂಬೂಲ ಬದಲಾಯಿಸುವುದು, ಲಗ್ನಪತ್ರಿಕೆ ಓದುವುದು. ಉಂಗುರ ಆಮೇಲೆ ಬಂದು ಸೇರಿಕೊಂಡದ್ದು. ಉಂಗುರ ದಿನಾ ಕೈಯಲ್ಲಿರುವ ಒಡವೆ. ಪಾತ್ರೆ ತೊಳೆಯುವಾಗ, ಗಾಡಿ ಓಡಿಸುವಾಗ, ಕಂಪ್ಯೂಟರ್ ಮುಂದೆ ಕೂತಾಗಲೂ ಇರುತ್ತದೆ. ಹರಳು ಎತ್ತರಕ್ಕೆ ಕೂತಿದ್ದರೆ ದುಪಟ್ಟಾಕ್ಕೆ, ಸ್ವೆಟರಿಗೆ ಸಿಕ್ಕಿಕೊಳ್ಳುತ್ತದೆ. ಅದು ಫೋಟೋದಲ್ಲಿ ಕಾಣುವುದಿಲ್ಲ, ತೊಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅಳತೆಯ ಮಾತು ಬಂತು. ಬೆಳಿಗ್ಗೆ ಬೆರಳು ಸಣ್ಣಗಿರುತ್ತದೆ, ಸಂಜೆಗೆ, ಸೆಕೆಗೆ ಸ್ವಲ್ಪ ಊದುತ್ತದೆ, ಹಾಗಾಗಿ ಸಂಜೆ ಅಳತೆ ಕೊಡುವುದು ಒಳ್ಳೆಯದು. ಗೆಣ್ಣು ದಪ್ಪ ಇರುವವರು ಉಂಗುರ ಗೆಣ್ಣು ದಾಟುತ್ತದಾ ಅಂತ ನೋಡಿಕೊಳ್ಳಲಿ. ಹುಡುಗ ಅಮೆರಿಕದಲ್ಲಿದ್ದರೆ ಇನ್ನೊಂದು ತೊಡಕು. ಅವನು ವಾಟ್ಸಾಪಿನಲ್ಲಿ ‘ಸೈಜ್ 7’ ಅಂತ ಕಳಿಸುತ್ತಾನೆ. ಅಲ್ಲಿನ 7 ನಮ್ಮ ಅಂಗಡಿಯಲ್ಲಿ ಸುಮಾರು 14. ನಂಬರ್ ಬೇಡ, ಉಂಗುರದ ಒಳಸುತ್ತು ಎಷ್ಟು ಮಿಲಿಮೀಟರ್ ಅಂತ ಕೇಳಿ. ಸಾದಾ ಉಂಗುರವನ್ನು ಆಮೇಲೆ ದೊಡ್ಡದು, ಚಿಕ್ಕದು ಮಾಡಬಹುದು. ಸುತ್ತಲೂ ಹರಳು ಕೂರಿಸಿದ್ದನ್ನು ಹಾಗೆ ಮಾಡುವುದು ಬಹಳ ಕಷ್ಟ. ಒಳಗೆ ಹೆಸರು ಕೆತ್ತಿಸುವ ಆಸೆ ಇದ್ದರೆ, ಅಳತೆ ಪಕ್ಕಾ ಆದ ಮೇಲೆ ಕೆತ್ತಿಸಿ.

ಈಗ ದುಡ್ಡಿನ ವಿಷಯ. ಅಂಗಡಿಗೆ ಕಾಲಿಟ್ಟ ತಕ್ಷಣ ಎಲ್ಲರೂ ಕೇಳುವುದು ‘ಇವತ್ತು ಗ್ರಾಂ ರೇಟ್ ಎಷ್ಟು’ ಅಂತ. ಅದು ಪೇಪರಿನಲ್ಲೂ ಇರುತ್ತದೆ. ಕೇಳಬೇಕಾದದ್ದು ಮೇಕಿಂಗ್, ಅಂದರೆ ಒಡವೆ ಮಾಡುವ ಕೂಲಿ, ಮತ್ತು ವೇಸ್ಟೇಜ್, ಅಂದರೆ ಮಾಡುವಾಗ ಸವೆಯುವ ಚಿನ್ನದ ಲೆಕ್ಕ, ಎಷ್ಟು ಅಂತ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳೋಣ. 4 ಗ್ರಾಂ ಉಂಗುರಕ್ಕೆ 40,000. ಮೇಕಿಂಗ್, ವೇಸ್ಟೇಜ್ ಎರಡೂ ಸೇರಿ 15 ಪರ್ಸೆಂಟ್ ಅಂದರೆ ಇನ್ನೊಂದು 6,000. ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ, 1,380. ಒಟ್ಟು 47,380. ಇದರಲ್ಲಿ ಚೌಕಾಸಿಗೆ ಜಾಗ ಇರುವುದು ಆ 6,000ದಲ್ಲಿ ಮಾತ್ರ, ಚಿನ್ನದ ರೇಟಿನಲ್ಲಿ ಅಲ್ಲ. ನಾಳೆ ಉಂಗುರ ಮಾರಲು ಹೋದರೆ ವಾಪಸ್ ಬಾರದಿರುವುದೂ ಅದೇ.

ಹರಳಿನ ಉಂಗುರ ಆದರೆ ಇನ್ನೂ ಹುಷಾರು. ಒಟ್ಟು ತೂಕ ಬೇರೆ, ನಿವ್ವಳ ತೂಕ ಬೇರೆ. 4 ಗ್ರಾಂ ಉಂಗುರದಲ್ಲಿ 300 ಮಿಲಿಗ್ರಾಂ ಹರಳಿದ್ದು ಅದನ್ನು ಕಳೆಯದೆ ಬಿಲ್ ಹಾಕಿದರೆ, ಮೇಲಿನ ರೇಟಿನಲ್ಲಿ 3,000 ರೂಪಾಯಿ ಹರಳಿಗೆ ಚಿನ್ನದ ಬೆಲೆ ಕೊಟ್ಟ ಹಾಗಾಯಿತು. ‘ಅಮೆರಿಕನ್ ಡೈಮಂಡ್’ ಅನ್ನುತ್ತಾರಲ್ಲ, ಹೆಸರಲ್ಲಿ ಡೈಮಂಡ್ ಇದೆ ಅಷ್ಟೇ, ಅದು ವಜ್ರ ಅಲ್ಲ.

ಆಮೇಲೆ ಉಂಗುರದ ಒಳಭಾಗ ನೋಡಿ. ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ತ್ರಿಕೋನ ಗುರುತು, ಶುದ್ಧತೆಯ ನಂಬರ್, ಪ್ರತಿ ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಈ ಮೂರೂ ಇರಬೇಕು. ಹಾಲ್‌ಮಾರ್ಕ್ ಅನ್ನುವುದು ಇದನ್ನೇ. 22 ಕ್ಯಾರೆಟ್‌ಗೆ 916, 18ಕ್ಕೆ 750. ಎಚ್‌ಯುಐಡಿ 2023ರ ಏಪ್ರಿಲ್ 1ರಿಂದ ಕಡ್ಡಾಯ. ಅಂಗಡಿಯಲ್ಲೇ ನಿಂತು, ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ನೋಡಿ. ಯಾವ ಒಡವೆ, ಎಷ್ಟು ಶುದ್ಧ, ಎಲ್ಲಿ ಮುದ್ರೆ ಬಿತ್ತು ಅಂತ ಬರುತ್ತದೆ. ಅಲ್ಲಿ ‘ಸರ’ ಅಂತ ಬಂದು ನಿಮ್ಮ ಕೈಯಲ್ಲಿ ಉಂಗುರ ಇದ್ದರೆ ಸುಮ್ನೆ ಎದ್ದು ಬನ್ನಿ. ಸೇಲ್ಸ್ ಹುಡುಗ ಮುಖ ಸಣ್ಣ ಮಾಡಿಕೊಂಡರೂ ಪರವಾಗಿಲ್ಲ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ಹುಡುಗಿಯರ ತೆಳು ಉಂಗುರಗಳು ಎಷ್ಟೋ ಸಲ ಈ ಲೆಕ್ಕಕ್ಕೇ ಬೀಳುತ್ತವೆ. ಹಾಲ್‌ಮಾರ್ಕ್ ಇದ್ದದ್ದನ್ನೇ ಕೇಳಿ ತೆಗೆದುಕೊಳ್ಳಿ.

ವಜ್ರ ಬೇಕು ಅನ್ನುವವರಿಗೆ. 22 ಕ್ಯಾರೆಟ್ ಚಿನ್ನ ಮೆತ್ತಗೆ, ಹರಳು ಹಿಡಿದಿರುವ ಸಣ್ಣ ಕೊಕ್ಕೆಗಳು ಸವೆದು ಸಡಿಲ ಆಗುತ್ತವೆ, ಅದಕ್ಕೇ ವಜ್ರದ ಉಂಗುರವನ್ನು ಹೆಚ್ಚಾಗಿ 18ರಲ್ಲಿ ಮಾಡುತ್ತಾರೆ. ‘ನಮಗೆ 22ರಲ್ಲೇ ಬೇಕು’ ಅಂತ ಅಜ್ಜಿ ಹಟ ಹಿಡಿದರೆ ಸಾದಾ ಉಂಗುರ ಕೊಳ್ಳಿ, ಅದೂ ಚೆನ್ನಾಗಿಯೇ ಇರುತ್ತದೆ. ವಜ್ರದ ಮಾತಲ್ಲಿ ಕ್ಯಾರೆಟ್ ಅಂದರೆ ಶುದ್ಧತೆ ಅಲ್ಲ, ತೂಕ; 100 ಸೆಂಟ್ ಸೇರಿದರೆ ಒಂದು ಕ್ಯಾರೆಟ್. ಅಂಗಡಿಯವರು ‘ಅರ್ಧ ಕ್ಯಾರೆಟ್ ಇದೆ’ ಅಂದರೆ ಒಂದೇ ಕಲ್ಲಾ, ಹತ್ತು ಸಣ್ಣ ಕಲ್ಲುಗಳು ಸೇರಿಯಾ ಅಂತ ಕೇಳಿ. 50 ಸೆಂಟಿನ ಒಂಟಿ ಕಲ್ಲಿನ ಬೆಲೆಯೇ ಬೇರೆ, 5 ಸೆಂಟಿನ ಹತ್ತು ಕಲ್ಲುಗಳ ಬೆಲೆಯೇ ಬೇರೆ. ಒಂಟಿ ಕಲ್ಲಿಗೆ ವಜ್ರ ಪರೀಕ್ಷಿಸುವ ಸಂಸ್ಥೆಗಳಾದ ಜಿಐಎ ಅಥವಾ ಐಜಿಐ ಸರ್ಟಿಫಿಕೇಟ್ ಇರಲಿ. ವಜ್ರದ ಬಣ್ಣಕ್ಕೆ ಇಂಗ್ಲಿಷ್ ಅಕ್ಷರದ ದರ್ಜೆ ಕೊಡುತ್ತಾರೆ, ಅದರಲ್ಲಿ ‘ಡಿ’ ಎಲ್ಲಕ್ಕಿಂತ ಮೇಲು, ನಿಜ. ಆದರೆ ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ‘ಜಿ’, ‘ಎಚ್’ ಕಲ್ಲಿಗೂ ಅದಕ್ಕೂ ವ್ಯತ್ಯಾಸ ನಮ್ಮ ನಿಮ್ಮ ಕಣ್ಣಿಗೆ ಕಾಣುವುದು ಕಷ್ಟ. ಆ ದುಡ್ಡನ್ನು ಒಳ್ಳೆಯ ಕಟ್, ಅಂದರೆ ಚೆನ್ನಾಗಿ ಕತ್ತರಿಸಿ ಮುಖ ಕೊಟ್ಟಿರುವ ಕಲ್ಲಿಗೆ ಹಾಕಿ, ಹೊಳಪು ಬರುವುದು ಕಟ್‌ನಿಂದ.

ಲ್ಯಾಬ್ ವಜ್ರ ಈಗ ಎಲ್ಲ ಕಡೆ ಸಿಗುತ್ತದೆ, ಸೂರತ್‌ನಲ್ಲೇ ತಯಾರಾಗುತ್ತದೆ. ಅದು ನಕಲಿ ಅಲ್ಲ, ನಿಜವಾದ ವಜ್ರವೇ, ಗಣಿಯ ಬದಲು ಯಂತ್ರದಲ್ಲಿ ಬೆಳೆದದ್ದು. ಬೆಲೆ ಬಹಳ ಕಡಿಮೆ. ಆದರೆ ಈಚಿನ ವರ್ಷಗಳಲ್ಲಿ ಅದರ ಬೆಲೆ ಇಳಿಯುತ್ತಲೇ ಬಂದಿದೆ. ವಾಪಸ್ ಕೊಟ್ಟರೆ ಎಷ್ಟು ಕೊಡುತ್ತೀರಿ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ತೊಡುವುದಕ್ಕೆ ಅಂತ ಕೊಂಡರೆ ತಪ್ಪೇನಿಲ್ಲ. ಕಷ್ಟಕಾಲಕ್ಕೆ ಆಗುತ್ತದೆ ಅಂತ ಕೊಳ್ಳಬೇಡಿ.

ಇನ್ನು ಬೀಗರ ನಡುವಿನ ಗ್ರಾಂ ಲೆಕ್ಕ. ‘ಅವರು ಹುಡುಗಿಗೆ 3 ಗ್ರಾಂ ತಂದರು, ನಾವು ಹುಡುಗನಿಗೆ 8 ಗ್ರಾಂ ಹಾಕಬೇಕಾ’ ಅನ್ನುವ ಮಾತು ಛತ್ರದ ಹಿಂದಿನ ಕೋಣೆಯಲ್ಲಿ ಕೇಳಿಬರುತ್ತದೆ. ಇದನ್ನು ಮೊದಲೇ, ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತು, ಹತ್ತಿರ ಹತ್ತಿರದ ತೂಕದಲ್ಲಿ ಮುಗಿಸುವುದು ಎಲ್ಲರಿಗೂ ನೆಮ್ಮದಿ. ಹೆಣ್ಣಿನ ಅಪ್ಪ ಸಾಲ ಮಾಡಿ ಉಂಗುರ ದಪ್ಪ ಮಾಡುವುದು ನನಗಂತೂ ಇಷ್ಟ ಇಲ್ಲ, ಅಷ್ಟು ದಪ್ಪದ್ದನ್ನು ಹುಡುಗ ಆಮೇಲೆ ಬೀರುವಿನಲ್ಲೇ ಇಡುತ್ತಾನೆ.

ಯಾವಾಗ ಹೋಗಬೇಕು? ಅಕ್ಷಯ ತೃತೀಯದ ದಿನ ಬೇಡ, ಆ ನೂಕುನುಗ್ಗಲಿನಲ್ಲಿ ಯಾರೂ ನಿಮಗೆ ಬಿಲ್ ಬಿಡಿಸಿ ಹೇಳುವುದಿಲ್ಲ. ಕಾರ್ಯಕ್ಕೆ ಒಂದು ತಿಂಗಳ ಮೊದಲು ಹೋಗಿ, ಅಳತೆ ತಿದ್ದಬೇಕಾಗಿ ಬಂದರೆ ಸಮಯ ಸಿಗುತ್ತದೆ. ಆಷಾಢದಲ್ಲಿ ಎಷ್ಟೋ ಅಂಗಡಿಗಳು ಖಾಲಿ ಇರುತ್ತವೆ, ಮೇಕಿಂಗ್‌ನಲ್ಲಿ ರಿಯಾಯಿತಿಯೂ ಸಿಗಬಹುದು. ಆಷಾಢದಲ್ಲಿ ಚಿನ್ನ ಮನೆಗೆ ತರಬಾರದು ಅಂತ ಅಜ್ಜಿ ಅಂದರೆ ಜಗಳ ಬೇಡ. ಅಳತೆ ಕೊಟ್ಟು, ಡಿಸೈನ್ ಆರಿಸಿ, ಲೆಕ್ಕ ಬರೆಸಿಕೊಂಡು ಬನ್ನಿ. ಉಂಗುರವನ್ನು ಶ್ರಾವಣದಲ್ಲಿ ತಂದರಾಯ್ತು.