ಮೋಡಕ್ಕಿಂತ ಮೊದಲು ಇರುವೆ

ಕೇಳುಗರೇ, ನಮಸ್ಕಾರ.

ಗೋಡೆಯ ಬುಡದಿಂದ ಇರುವೆಗಳ ಸಾಲೊಂದು ಮೇಲಕ್ಕೆ ಹತ್ತುತ್ತಿದೆ. ಒಂದೊಂದರ ಬಾಯಲ್ಲೂ ಹೆಚ್ಚುಕಡಿಮೆ ತನ್ನಷ್ಟೇ ದೊಡ್ಡದಾದ ಬಿಳಿಯ ಕಾಳು. ಆಕಾಶದಲ್ಲಿ ಮೋಡದ ಸುಳಿವಿಲ್ಲ. ಆದರೂ ನೋಡಿದ ಹಿರಿಯರು, "ಇರುವೆ ಮೊಟ್ಟೆ ಸಾಗಿಸ್ತಾ ಇವೆ, ಮಳೆ ಬರುತ್ತೆ, ಒಣಹಾಕಿದ್ದನ್ನ ಒಳಗೆ ತೆಗೀರಿ" ಅನ್ನುತ್ತಾರೆ.

ಈ ಮಾತು ಎಷ್ಟು ಹಳೆಯದು ಗೊತ್ತೇ? ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ, ಸದ್ಯದಲ್ಲೇ ಬರಲಿರುವ ಮಳೆಯ ಲಕ್ಷಣಗಳಿಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಬೆಕ್ಕು ಉಗುರಿನಿಂದ ನೆಲ ಕೆರೆಯುವುದು, ಹಸು ನೆಗೆದಾಡುವುದು, ಇರುವೆ ಮೊಟ್ಟೆ ಸಾಗಿಸುವುದು ಎಲ್ಲವೂ ಅಲ್ಲಿವೆ. ಇರುವೆಯ ವಿಷಯಕ್ಕೆ ಬಂದಾಗ ಅವನು ಒಂದು ಷರತ್ತು ಹಾಕುತ್ತಾನೆ. ಅದು ನನಗೆ ತುಂಬ ಹಿಡಿಸುತ್ತದೆ: ಅವುಗಳಿಗೆ ಬೇರೆ ಯಾವ ಉಪಟಳವೂ ಆಗಿರಬಾರದು. ಅಂದರೆ, ಯಾರೋ ಗೂಡು ಕೆದಕಿದ್ದಕ್ಕೆ ಅವು ಓಡುತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೂತು, ಕಾದು, ಕಣ್ಣಿಟ್ಟು ನೋಡಿದವರು ಮಾತ್ರ ಹೀಗೆ ಹೇಳಬಲ್ಲರು.

ಇನ್ನೂ ಹತ್ತಿರದಿಂದ ನೋಡಿ. ಆ ಬಿಳಿಯ ಕಾಳು ಬಹುಪಾಲು ಮೊಟ್ಟೆಯೇ ಅಲ್ಲ. ಇರುವೆಯ ಮೊಟ್ಟೆ ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣದು. ಹೊತ್ತು ಸಾಗಿಸುತ್ತಿರುವುದು ಮರಿಹುಳುಗಳನ್ನು, ಕೋಶದೊಳಗಿನ ಮರಿಗಳನ್ನು. ಮರಿಗೆ ಹಿತವಾದ ಬಿಸಿ, ಹಿತವಾದ ತೇವ ಎಲ್ಲಿದೆಯೋ ಆ ಕೋಣೆಗೆ ಎತ್ತಿಕೊಂಡು ಹೋಗುವುದು ಇರುವೆಗಳ ದಿನದಿನದ ಕೆಲಸ. ಗಾಳಿ ಮಣ್ಣುಗಳ ತೇವ ಬದಲಾದರೆ ಮರಿಗಳ ಜಾಗವೂ ಬದಲಾಗುತ್ತದೆ. ನಾಳೆ ಏನಾಗುತ್ತದೆಂದು ಇರುವೆಗೆ ತಿಳಿಯದು. ಈ ಹೊತ್ತಿನ ಗಾಳಿ ಹೇಗಿದೆ ಎಂಬುದು ಮಾತ್ರ ನಮಗಿಂತ ಚೆನ್ನಾಗಿ ತಿಳಿಯುತ್ತದೆ. ಹವೆಯ ಬಗ್ಗೆ ಪ್ರಾಣಿಗಳಿಂದ ಕಲಿತ ಮಾತುಗಳನ್ನೆಲ್ಲ ನಾನು ಇದೇ ಒರೆಗಲ್ಲಿಗೆ ಹಚ್ಚಿ ನೋಡುತ್ತೇನೆ.

ಅಂಬರಗುಬ್ಬಿ ನೆಲಮಟ್ಟದಲ್ಲಿ ಹಾರಿದರೆ ಮಳೆ ಎನ್ನುವ ನಂಬಿಕೆ ಹಲವು ದೇಶಗಳಲ್ಲಿದೆ. ಇದಕ್ಕೆ ಕಾರಣ ಹಕ್ಕಿಯ ಊಟ. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಸಣ್ಣ ಹುಳುಗಳನ್ನು ಎತ್ತರಕ್ಕೆ ಒಯ್ಯುತ್ತದೆ. ಮೋಡ ಕವಿದು ಆ ಏರುಗಾಳಿ ನಿಂತರೆ ಹುಳುಗಳು ಕೆಳಗೇ ಉಳಿಯುತ್ತವೆ, ಹಕ್ಕಿ ಅವುಗಳ ಬೆನ್ನುಹತ್ತಿ ಇಳಿಯುತ್ತದೆ. ಮಳೆಗೆ ಮುಂಚೆ ಹಸು ಮಲಗುತ್ತದೆ ಎನ್ನುವ ಮಾತಿಗೆ ನಾನು ಅಷ್ಟು ಬೆಲೆ ಕೊಡಲಾರೆ. ಮೆಲುಕು ಹಾಕಲು ಹಸು ದಿನವೂ ಮಲಗುತ್ತದೆ.

ಹವೆ ಕೆಡುವುದು ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದೆ ಎನ್ನುವ ನಂಬಿಕೆಯನ್ನು ಯಂತ್ರವನ್ನಾಗಿ ಮಾಡಿದವನು ಇಂಗ್ಲೆಂಡಿನ ವಿಟ್ಬಿ ಪಟ್ಟಣದ ವೈದ್ಯ ಜಾರ್ಜ್ ಮೆರಿವೆದರ್. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವನು ಇಟ್ಟದ್ದು ಜಿಗಣೆಗಳ ಬಿರುಗಾಳಿ ಸೂಚಕ. ದುಂಡಗೆ ಜೋಡಿಸಿದ ಹನ್ನೆರಡು ಗಾಜಿನ ಸೀಸೆಗಳು, ಪ್ರತಿಯೊಂದರಲ್ಲೂ ಸ್ವಲ್ಪ ನೀರು, ಒಂದು ಜಿಗಣೆ. ನಡುವೆ ಎತ್ತರದಲ್ಲಿ ಒಂದು ಗಂಟೆ. ಬಿರುಗಾಳಿ ಹತ್ತಿರವಾದಂತೆ ಜಿಗಣೆ ಚಡಪಡಿಸಿ ಸೀಸೆಯ ಕತ್ತಿಗೆ ಹತ್ತುತ್ತದೆ, ಅಲ್ಲಿರುವ ಸಣ್ಣ ತುಂಡನ್ನು ಸರಿಸುತ್ತದೆ, ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಹೆಚ್ಚು ಜಿಗಣೆ ಹತ್ತಿದಷ್ಟೂ ಹೆಚ್ಚು ಸದ್ದು. ಸೀಸೆಗಳನ್ನು ದುಂಡಗೆ ಇಟ್ಟದ್ದೇಕೆ? ಜಿಗಣೆಗಳು ಒಂದನ್ನೊಂದು ನೋಡುತ್ತಿರಲಿ, ಒಂಟಿತನದಿಂದ ನರಳದಿರಲಿ ಎಂದು. ಆ ಯಂತ್ರ ಬಳಕೆಗೆ ಬರಲಿಲ್ಲ. ಆದರೆ ಜಿಗಣೆಯ ಒಂಟಿತನವನ್ನು ನೆನೆದ ಆ ವೈದ್ಯನ ಮನಸ್ಸು ನನ್ನನ್ನು ಈಗಲೂ ಮುಟ್ಟುತ್ತದೆ.

ನಮ್ಮ ಕಾಲಕ್ಕೇ ಬರೋಣ. 2014ರ ಏಪ್ರಿಲ್. ಅಮೆರಿಕದ ಟೆನೆಸಿಯ ಬೆಟ್ಟಗಳಿಗೆ ಬಂಗಾರರೆಕ್ಕೆಯ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳು ಸಂತಾನಕ್ಕಾಗಿ ಆಗಷ್ಟೇ ವಲಸೆ ಬಂದಿದ್ದವು. ಒಂದೊಂದರ ತೂಕ ಒಂಬತ್ತು ಗ್ರಾಂ ಆಸುಪಾಸು. ಬೆನ್ನ ಮೇಲೆ, ಎಲ್ಲೆಲ್ಲಿ ಹೋದವೆಂದು ತಿಳಿಯಲು ಸಂಶೋಧಕರು ಹಿಂದಿನ ವರ್ಷ ಕಟ್ಟಿದ್ದ ಅತಿಸಣ್ಣ ಉಪಕರಣ. ಭಾರೀ ಬಿರುಗಾಳಿಯೊಂದು ಇನ್ನೂ ನಾನೂರು ಕಿಲೋಮೀಟರಿಗಿಂತ ದೂರದಲ್ಲಿದ್ದಾಗಲೇ ಅವು ಜಾಗ ಬಿಟ್ಟು ಹೊರಟವು. ಆಗ ಅಲ್ಲಿ ಗಾಳಿಯ ಒತ್ತಡವಾಗಲಿ, ಬಿಸಿಯಾಗಲಿ ಗಮನಕ್ಕೆ ಬರುವಷ್ಟು ಬದಲಾಗಿರಲಿಲ್ಲ. ಬಿರುಗಾಳಿ ಹೊಮ್ಮಿಸುವ, ನಮ್ಮ ಕಿವಿಗೆ ಕೇಳದ ಅತಿ ಕೆಳಸ್ಥಾಯಿಯ ಸದ್ದು ಅವಕ್ಕೆ ಕೇಳಿಸಿರಬೇಕು ಎಂದು ಸಂಶೋಧಕರು ಊಹಿಸಿದರು. ಬಿರುಗಾಳಿ ದಾಟಿಹೋದ ಮೇಲೆ, ಒಟ್ಟು ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು ಹಾರಿ, ಅವು ಬಿಟ್ಟ ಜಾಗಕ್ಕೇ ಮರಳಿದವು.

ಕೆಲವು ಗಂಟೆ ಮುಂದಿನ ಮಾತು, ಒಂದೆರಡು ದಿನ ಮುಂದಿನ ಮಾತು ಹೀಗೆ ಒರೆಗಲ್ಲಿಗೆ ನಿಲ್ಲುತ್ತದೆ. ಇಡೀ ಋತುವಿನ ಮಾತು ನಿಲ್ಲುವುದಿಲ್ಲ. ಅಮೆರಿಕದ ಪಂಕ್ಸಟಾನಿಯಲ್ಲಿ 1887ರಿಂದ ಫೆಬ್ರವರಿ 2ರಂದು ಗ್ರೌಂಡ್‌ಹಾಗ್ ಎಂಬ ಪ್ರಾಣಿ ಬಿಲದಿಂದ ಬಂದು ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಎನ್ನುತ್ತಾರೆ. ಸಂಭ್ರಮ ದೊಡ್ಡದು, ಭವಿಷ್ಯ ಮಾತ್ರ ನಾಣ್ಯ ಚಿಮ್ಮಿದಷ್ಟೂ ನಿಜವಾಗುವುದಿಲ್ಲ. ಕಂಬಳಿಹುಳುವಿನ ಕಂದುಪಟ್ಟಿ ಅಗಲವಾಗಿದ್ದರೆ ಚಳಿ ಕಡಿಮೆ ಎನ್ನುವುದೂ ಇಂಥದ್ದೇ. ಪಟ್ಟಿಯ ಅಗಲ ಹುಳುವಿನ ವಯಸ್ಸನ್ನೂ ಅದು ಬೆಳೆದ ರೀತಿಯನ್ನೂ ಹೇಳೀತು; ಮುಂದಿನ ಚಳಿಯನ್ನಲ್ಲ.

ಕೊನೆಗೆ, ನೀವೇ ಮಾಡಿ ನೋಡಬಹುದಾದ ಒಂದು ಕೆಲಸ. 1897ರಲ್ಲಿ ಏಮಸ್ ಡಾಲ್ಬೇರ್ ಎಂಬ ಭೌತವಿಜ್ಞಾನಿ, ಜೀರುಂಡೆಯ ಸದ್ದನ್ನು ಎಣಿಸಿ ಗಾಳಿಯ ಬಿಸಿಯನ್ನು ಹೇಳುವ ಸೂತ್ರ ಕೊಟ್ಟ. ಜೀರುಂಡೆಯ ಮೈಬಿಸಿ ಗಾಳಿಯೊಂದಿಗೇ ಏರಿಳಿಯುತ್ತದೆ. ಬೆಚ್ಚಗಾದರೆ ಸ್ನಾಯುಗಳು ಬೇಗ ಆಡುತ್ತವೆ, ರೆಕ್ಕೆಯುಜ್ಜುವ ವೇಗ ಹೆಚ್ಚುತ್ತದೆ. ಅಮೆರಿಕದ ಮರಜೀರುಂಡೆಯೊಂದಕ್ಕೆ ಲೆಕ್ಕ ಹೀಗೆ: ಎಂಟು ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತೋ ಅದಕ್ಕೆ ಐದು ಕೂಡಿಸಿ, ಸೆಲ್ಸಿಯಸ್ ಸಿಗುತ್ತದೆ. ಹದಿನೈದು ಕೂಗಿಗೆ ಇಪ್ಪತ್ತು ಡಿಗ್ರಿ. ಬೇರೆ ಜಾತಿಗೆ ಬೇರೆ ಲೆಕ್ಕ. ನಿಮ್ಮ ಕಿಟಕಿಯಾಚೆ ಕೂಗುವ ಜೀರುಂಡೆಯ ಲೆಕ್ಕವನ್ನು ನೀವೇ ಕಂಡುಕೊಳ್ಳಬೇಕು. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೆಲವು ರಾತ್ರಿ ಒಂದೇ ಜೀರುಂಡೆಯ ಸದ್ದಿಗೆ ಕಿವಿಗೊಟ್ಟು ಎಣಿಸಿ, ಬರೆದಿಡಿ. ತಣ್ಣಗಿನ ರಾತ್ರಿಯಲ್ಲಿ ಶುರುಮಾಡಿ. ಆಗ ಅದು ನಿಧಾನಕ್ಕೆ ಕೂಗುತ್ತದೆ, ಎಣಿಕೆ ತಪ್ಪುವುದಿಲ್ಲ.

ನಮಸ್ಕಾರ.