ಹೂವಿಲ್ಲದ ತೋಟ

ಕೇಳುಗರಿಗೆ ನಮಸ್ಕಾರ.

ತೋಟ ಅಂದ ಕೂಡಲೇ ನಮ್ಮ ಕಣ್ಣು ಹೂವು ಹುಡುಕುತ್ತದೆ. ಜಪಾನಿನ ಕ್ಯೋಟೊ ನಗರದ ರ‍್ಯೋಆನ್‌ಜಿ ದೇವಾಲಯದ ಅಂಗಳದಲ್ಲಿ ಅದು ಒಂದೂ ಸಿಗುವುದಿಲ್ಲ. ಬಿಳಿ ಜಲ್ಲಿ, ಜಲ್ಲಿಯ ಮೇಲೆ ಎಳೆದ ಗೆರೆಗಳು, 15 ಬಂಡೆ, ಅಷ್ಟೇ. ಹಸಿರು ಬೇಕೆಂದರೆ ಬಂಡೆಗಳ ಬುಡದ ಹಾವಸೆ ನೋಡಬೇಕು. ಜಗಲಿಯ ಮೇಲೆ ಎಲ್ಲಿ ಕೂತರೂ ಒಂದು ಬಂಡೆಯಾದರೂ ಮರೆಯಾಗಿರುತ್ತದೆ. ಅವು ಕಡಲಿನ ದ್ವೀಪಗಳು ಎನ್ನುತ್ತಾರೆ ಕೆಲವರು. ಮರಿಗಳನ್ನು ಹೊಳೆ ದಾಟಿಸುತ್ತಿರುವ ಹುಲಿ ಎನ್ನುತ್ತಾರೆ ಇನ್ನು ಕೆಲವರು. ಮಾಡಿದವರು ಯಾರೆಂಬುದೇ ಖಚಿತವಿಲ್ಲ, ಅರ್ಥವನ್ನಂತೂ ಬರೆದಿಟ್ಟಿಲ್ಲ. ಯಾರಾದರೂ ‘ಇದರರ್ಥ ಇಷ್ಟೇ’ ಎಂದರೆ ನಕ್ಕು ಸುಮ್ಮನಾಗಬಹುದು.

ಜಪಾನಿ ತೋಟಗಳ ಎಲ್ಲ ಸಂಕೇತಗಳೂ ಹೀಗೆ ಜಾರುವಂಥವಲ್ಲ. ಆಮೆ, ಕೊಕ್ಕರೆಗಳನ್ನು ನೆನಪಿಸುವ ನಡುಗಡ್ಡೆಗಳು ದೀರ್ಘಾಯುಷ್ಯಕ್ಕೆ. ಕೆಲವು ತೋಟಗಳಲ್ಲಿ ನಡುವೆ ನೆಟ್ಟಗೆ ನಿಂತ ಬಂಡೆಯೇ ಶುಮಿಸೆನ್, ಅಂದರೆ ನಮ್ಮ ಪುರಾಣಗಳ ಮೇರು ಪರ್ವತ. ಬೌದ್ಧ ಧರ್ಮದ ಜೊತೆ ಅಷ್ಟು ದೂರ ಹೋಗಿದೆ.

ಗಿಡಮರಗಳಲ್ಲಿ ಪೈನ್, ಬಿದಿರು, ಪ್ಲಮ್ ಒಟ್ಟಿಗೇ ಬರುವ ಹೆಸರುಗಳು. ಕೊರೆವ ಚಳಿಯಲ್ಲೂ ಪೈನ್ ಹಸಿರು. ಬಿದಿರು ಹಿಮದ ಭಾರಕ್ಕೆ ಬಾಗಿ ಮತ್ತೆ ಏಳುತ್ತದೆ. ಪ್ಲಮ್ ಚಳಿ ಮುಗಿಯುವ ಮೊದಲೇ ಬೋಳು ಕೊಂಬೆಯಲ್ಲಿ ಅರಳುತ್ತದೆ. ಚೆರಿಯನ್ನು ಮೆಚ್ಚುವುದು ಮಾತ್ರ ಅದು ಬೇಗ ಉದುರುತ್ತದೆಂಬ ಕಾರಣಕ್ಕೇ.

ಇನ್ನು ಹಾವಸೆ. ಕ್ಯೋಟೊದ್ದೇ ಆದ ಸೈಹೊಜಿಯಲ್ಲಿ ಸುಮಾರು 120 ಬಗೆಯ ಹಾವಸೆ ನೆಲಕ್ಕೆ ಹಾಸಿದೆ. 1339ರಲ್ಲಿ ಈ ದೇವಾಲಯವನ್ನು ಪುನರುದ್ಧಾರ ಮಾಡಿ ತೋಟ ರೂಪಿಸಿದವರು ಝೆನ್ ಎಂಬ ಬೌದ್ಧ ಪಂಥದ ಗುರು ಮುಸೊ ಸೊಸೆಕಿ. ತಮಾಷೆಯೆಂದರೆ ಹಾವಸೆ ಅವರ ಯೋಜನೆಯಲ್ಲೇ ಇರಲಿಲ್ಲ. ಎಷ್ಟೋ ಕಾಲದ ನಂತರ, ತೋಟಕ್ಕೆ ಆರೈಕೆ ತಪ್ಪಿದಾಗ, ತೇವದ ನೆಲದಲ್ಲಿ ತಾನೇ ಹಬ್ಬಿಕೊಂಡಿತು. ಈಗ ಜನ ಬರುವುದೇ ಅದನ್ನು ನೋಡಲು!

ಪೈನ್ ಮರಕ್ಕೆ ಆ ಸ್ವಾತಂತ್ರ್ಯವಿಲ್ಲ. ಗಾಳಿಗೆ ಮೈಯೊಡ್ಡಿ ಮುದಿಯಾದಂತೆ ಕಾಣುವ ಆ ಕೊಂಬೆಗಳು ಬಹುಪಾಲು ಕತ್ತರಿಯ ಕೆಲಸ. ಚಿಗುರು ಚಿವುಟಿ, ಹಳೆ ಸೂಜಿಯೆಲೆ ಕಿತ್ತು, ವರ್ಷವರ್ಷವೂ ತಿದ್ದಿದ್ದು. ಜಪಾನಿನದೇ ಕನಜಾವಾ ನಗರದ ಕೆನ್‌ರೊಕುಎನ್ ತೋಟದಲ್ಲಿ ನವೆಂಬರ್ 1ರಿಂದ ಹಗ್ಗ ಕಟ್ಟುವ ಕೆಲಸ ಶುರು. ಮರದ ಪಕ್ಕ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಕೊಡೆಯ ಕಡ್ಡಿಗಳಂತೆ ಹಗ್ಗ ಇಳಿಬಿಟ್ಟು, ಒಂದೊಂದು ಕೊಂಬೆಗೂ ಬಿಗಿಯುತ್ತಾರೆ. ಆ ಊರಿನ ಹಿಮ ಒದ್ದೆ, ಭಾರ. ಆಸರೆಯಿಲ್ಲದಿದ್ದರೆ ಕೊಂಬೆ ಮುರಿಯುತ್ತದೆ. ಹಗ್ಗ ಬಿಚ್ಚುವುದು ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಪ್ರವಾಸಿಗರು ಫೋಟೊ ತೆಗೆಯುವುದು ಮರಕ್ಕಿಂತ ಹೆಚ್ಚಾಗಿ ಆ ಹಗ್ಗಗಳದ್ದೇ.

ನಮಸ್ಕಾರ.